ಕಂಪನಿ ಸೀಮೆಯಲ್ಲೊಂದು ಫುಟ್‌ಪಾತ್

ಫುಟ್‌ಪಾತ್ ಮಾರಾಟಕ್ಕೆ ತೋರಿಸುವ ಮೂರನೆಯ ಮಾದರಿ ಮನೆಯ ಮುಂದೆ ನಿಂತುಬಿಡುತ್ತಿತ್ತು. ಒಡೆದು, ಸವೆದು, ಹುಲ್ಲಿನೊಳಗೆ ಕರಗಿಹೋಗುತ್ತಿರಲಿಲ್ಲ. ಬರ್ಫಿ ಕತ್ತರಿಸಿದ ಹಾಗೆ ನೇರವಾಗಿ ಮುಗಿಯುತ್ತಿತ್ತು. ಆಮೇಲೆ ಹುಲ್ಲು. ಹುಲ್ಲಿನ ಒಂದು ಪಕ್ಕ ಮಳೆನೀರಿನ ಹಳ್ಳ, ಇನ್ನೊಂದು ಪಕ್ಕ ಕಾರುಗಳು ಐವತ್ತೈದು ಮೈಲಿ ವೇಗದಲ್ಲಿ ಓಡುವ ರಸ್ತೆ. ಆ ರಸ್ತೆಯಲ್ಲಿ ಒಂದು ಮೈಲಿಗೂ ಸ್ವಲ್ಪ ಹೆಚ್ಚು ಹೋದರೆ ಲೈಬ್ರರಿ. ನನಗೆ ಬೇಕಾಗಿದ್ದದ್ದು ಆ ಲೈಬ್ರರಿಗೆ ಯಾರನ್ನೂ ಕೇಳದೆ ನಡೆದುಕೊಂಡು ಹೋಗುವುದು, ನಡೆದುಕೊಂಡು ವಾಪಸು ಬರುವುದು.

ಇದು ನಡೆದದ್ದು ಫುಲ್‌ಶೀರ್‌ನಲ್ಲಿ, ಹ್ಯೂಸ್ಟನ್ನಿನ ನೈಋತ್ಯಕ್ಕೆ ಬತ್ತದ ಗದ್ದೆಗಳ ಮೇಲೆ ಎದ್ದ ಹೊಸ ಬಡಾವಣೆಯೊಂದರಲ್ಲಿ. ಎರಡು ಸಾವಿರದ ಹತ್ತರ ದಶಕದ ನಡುವಿನ ಒಂದು ಬೇಸಿಗೆ. ಯಾವ ವರ್ಷವೆಂದು ಹೇಳಬಲ್ಲೆ. ಹೇಳಿದರೆ ಉಳಿದದ್ದೂ ಅಷ್ಟೇ ಖಚಿತವೆಂದು ನೀವು ನಂಬಿಬಿಡುತ್ತೀರಿ. ಹೆಸರುಗಳನ್ನೂ ಬರೆಯುವುದಿಲ್ಲ. ಅದಕ್ಕೆ ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ಅದಕ್ಕೂ ಮೊದಲು ನಾವು ಆಸ್ಟಿನ್ ಕಡೆಯ ಸೀಡರ್ ಪಾರ್ಕಿನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಲ್ಲಿಯೂ ಹಾಲಿಗೂ ಕಾರು, ಕೊತ್ತಂಬರಿ ಸೊಪ್ಪಿಗೂ ಕಾರು. ಆದರೆ ಅಲ್ಲಿ ನನ್ನ ಬಳಿ ಲೈಸೆನ್ಸ್ ಇತ್ತು. ಟೆಕ್ಸಾಸಿನಲ್ಲಿ ನಮ್ಮಂಥವರ ಲೈಸೆನ್ಸಿನ ಆಯುಸ್ಸನ್ನು ವೀಸಾದ ಆಯುಸ್ಸಿಗೆ ಕಟ್ಟಿರುತ್ತಾರೆ. ಫುಲ್‌ಶೀರ್‌ಗೆ ಬಂದ ಮೇಲೆ ಇಬ್ಬರ ವೀಸಾ ಅವಧಿಯೂ ಮುಗಿಯಿತು. ಗಂಡನ ವಿಸ್ತರಣೆಯ ಕಾಗದ ಬೇಗ ಬಂತು. ಅವನ ಅವಲಂಬಿತಳೆಂದು ದಾಖಲಾದ ನನ್ನ ಕಾಗದ ಬರಲಿಲ್ಲ. ಅದು ಬರುವವರೆಗೆ ನಾನು ದೇಶದಲ್ಲಿ ಇರಬಹುದು, ಕಾರು ಓಡಿಸುವಂತಿಲ್ಲ. ಕೆಲಸ ಮಾಡುವ ಅನುಮತಿ ಮೊದಲೇ ಇರಲಿಲ್ಲ. ಆ ಸ್ಥಿತಿ ಏಳು ತಿಂಗಳು ನಡೆಯಿತು ಎನ್ನುತ್ತೇನೆ ನಾನು. ಗಂಡ ಮೂರು ಎನ್ನುತ್ತಾನೆ. ಅವನು ಬೆಳಗ್ಗೆ ಕಚೇರಿಗೆ ಹೋಗುತ್ತಿದ್ದ.

ಒಮ್ಮೆ ಹುಲ್ಲಿನ ಮೇಲೆಯೇ ನಡೆದು ನೋಡಿದೆ. ಅರ್ಧ ದಾರಿಯಲ್ಲಿ ಚಪ್ಪಲಿಯೊಳಗೆ ಕೆಂಜಿರುವೆ ನುಗ್ಗಿ, ಒಂಟಿ ಕಾಲಿನಲ್ಲಿ ನಿಂತು ಕೊಡವುತ್ತಿದ್ದಾಗ ಪೊಲೀಸ್ ಕಾರೊಂದು ದೀಪ ಮಿನುಗಿಸಿ ಪಕ್ಕಕ್ಕೆ ಬಂದು ನಿಂತಿತು. ಇಳಿದ ಯುವಕ ತುಂಬ ಮರ್ಯಾದೆಯಿಂದ, ನೀವು ಚೆನ್ನಾಗಿದ್ದೀರಾ, ಮನೆಯಲ್ಲಿ ಏನಾದರೂ ಆಯಿತೇ, ಯಾರಿಗಾದರೂ ಫೋನ್ ಮಾಡಬೇಕೇ ಎಂದು ಕೇಳಿದ. ಲೈಬ್ರರಿಗೆ ಹೋಗುತ್ತಿದ್ದೇನೆ ಎಂದೆ. ಅವನು ನನ್ನ ಹಿಂದೆ ಕಾರು ಹುಡುಕಿದ. ಕೊನೆಗೆ ನನ್ನನ್ನು ಕೂರಿಸಿಕೊಂಡು ಮನೆಗೆ ತಂದು ಬಿಟ್ಟ. ಇದನ್ನು ಹೇಳುವಾಗಲೆಲ್ಲ ಎಲ್ಲರೂ ನಗುತ್ತಾರೆ. ನಗಲಿ ಎಂದೇ ನಾನು ಅಲ್ಲಿ ಇಲ್ಲಿ ತಿದ್ದಿರಬಹುದು. ಕೆಂಜಿರುವೆ ಮಾತ್ರ ನಿಜ. ಗುಳ್ಳೆಗಳು ವಾರವಿಡೀ ಇದ್ದವು.

ಆಗ ಫುಟ್‌ಪಾತ್ ಹಾಕಬೇಕಾದವರು ಯಾರು ಎಂದು ಹುಡುಕಿದೆ. ಉತ್ತರ ತೆರಿಗೆಯ ಕಾಗದದಲ್ಲಿತ್ತು. ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದಕ್ಕೆ, ಇಷ್ಟು, ಶಾಲೆಗೆ ಇಷ್ಟು ಎಂಬ ಸಾಲುಗಳ ಕೆಳಗೆ ಬರೀ ಒಂದು ಸಂಖ್ಯೆಯಿದ್ದ ಯಾವುದೋ ಡಿಸ್ಟ್ರಿಕ್ಟಿನ ಸಾಲು, ಕೌಂಟಿಯದಕ್ಕಿಂತ ದೊಡ್ಡದು. ಅದರ ಕಥೆ ಹೀಗೆ: ಗದ್ದೆಗಳನ್ನು ಒಂದು ಕಂಪನಿ ಕೊಂಡಿತು. ಹತ್ತಿರ ಊರಿಲ್ಲದ್ದರಿಂದ ನೀರಿನ ಕೊಳವೆ, ಒಳಚರಂಡಿ, ಮಳೆನೀರಿನ ಹೊಂಡಗಳನ್ನು ಕಂಪನಿಯೇ ಮಾಡಿತು. ಆ ಖರ್ಚನ್ನು ವಾಪಸು ಪಡೆಯಲು ಒಂದು ಪುಟ್ಟ ಸರ್ಕಾರವನ್ನು ಹುಟ್ಟಿಸಿತು, ಅದೇ ಡಿಸ್ಟ್ರಿಕ್ಟ್. ಅದಕ್ಕೆ ಸಾಲ ಎತ್ತುವ ಅಧಿಕಾರ, ತೆರಿಗೆ ಹಾಕುವ ಅಧಿಕಾರ. ಎತ್ತಿದ ಸಾಲ ಕಂಪನಿಗೆ ಹೋಗುತ್ತದೆ, ತೆರಿಗೆಯನ್ನು ಆಮೇಲೆ ಬಂದು ಮನೆ ಕೊಂಡ ನಾವು ಕಟ್ಟುತ್ತೇವೆ. ಐದು ಜನರ ಮಂಡಳಿ. ಐವರಲ್ಲಿ ಯಾರೂ ನಮ್ಮ ಬಡಾವಣೆಯಲ್ಲಿ ವಾಸವಿರಲಿಲ್ಲ. ಅವರು ಹೆಬ್ಬಾಗಿಲಿಗೆ ಕಾರಂಜಿ ಹಾಕಿಸಿದ್ದರು, ಬಲಿತ ತಾಳೆಮರಗಳನ್ನು ಲಾರಿಯಲ್ಲಿ ತರಿಸಿ ನೆಡಿಸಿದ್ದರು. ಅವು ಮನೆ ನೋಡಲು ಬರುವವರ ಕಣ್ಣಿಗೆ ಬೀಳುತ್ತಿದ್ದವು. ಫುಟ್‌ಪಾತೂ ಅದಕ್ಕೇ ಮಾದರಿ ಮನೆಗಳ ತನಕ ಇತ್ತು.

ಊರಲ್ಲಿ ನಾನು ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಹೇಳುತ್ತಿದ್ದೆ. ಕಂಪನಿ ಸರ್ಕಾರದ ಕಂದಾಯ ಮತ್ತು ಸಾರ್ವಜನಿಕ ವೆಚ್ಚವನ್ನು ವಿವರಿಸಿ, ಹತ್ತು ಅಂಕ. ವಸೂಲಿ ಕಠಿಣ, ಖರ್ಚು ಸೈನ್ಯಕ್ಕೆ, ಲಾಭ ಸಮುದ್ರದಾಚೆಯ ಪಾಲುದಾರರಿಗೆ, ಕೆರೆಯ ಹೂಳು ತೆಗೆಯಲು ಕಾಸಿಲ್ಲ ಎಂದು ಬರೆದವರಿಗೆ ಎಂಟು ಕೊಡುತ್ತಿದ್ದೆ. ತೆರಿಗೆಯ ಕಾಗದ ಹಿಡಿದು ಇದನ್ನೇ ಗಂಡನಿಗೆ ಹೇಳಿದೆ.

"ಲೆಕ್ಚರ್ ಬೇಡ ಕಣೇ. ಅವರೇನು ನಿನ್ನ ಎಳ್ಕೊಂಡ್ ಬಂದು ಇಲ್ಲಿ ಕೂರಿಸಿದ್ರಾ?"

"ಇಲ್ಲ. ಆದ್ರೆ ಈಗ ಹೋಗ್ತೀನಿ ಅಂದ್ರೆ ಬಿಡ್ತಾರಾ? ಮನೆ ಮಾರು ನೋಡೋಣ."

"ಎರಡು ವರ್ಷ ತಡಿ."

"ಪಕ್ಕದಲ್ಲೇ ಕಂಪನಿ ಹೊಸಾ ಮನೆ ಮಾರ್ತಾ ಇರೋವಾಗ ನಮ್ಮ ಹಳೇದನ್ನ ಯಾರು ತೊಗೋತಾರೆ?"

"ನಡೀಬೇಕು ಅಂದ್ರೆ ಟ್ರೆಡ್‌ಮಿಲ್ ಕೊಡಿಸ್ತೀನಿ ಅಂದ್ನಲ್ಲ, ಅಷ್ಟೇ ತಾನೆ?"

ಅವನು ಹೇಳಿದ್ದರಲ್ಲಿ ಒಂದು ಮಾತು ಸರಿ. ಕಂಪನಿ ಸೀಮೆಯ ರೈತ ತಾನಾಗಿ ಹೋಗಿ ಆ ಸೀಮೆಗೆ ಸೇರಲಿಲ್ಲ. ನಾವು ಮುಂಗಡ ಕಟ್ಟಿ, ಮಾರಾಟದ ಹುಡುಗಿ ಕೊಟ್ಟ ದೊಡ್ಡ ರಟ್ಟಿನ ಕೀಲಿಕೈ ಹಿಡಿದು ಫೋಟೋ ತೆಗೆಸಿಕೊಂಡು ಸೇರಿದ್ದೆವು. ಹೋಲಿಕೆ ಇಲ್ಲಿಗೆ ಮುರಿಯುತ್ತದೆ. ಮುರಿದದ್ದನ್ನು ಅಂಟಿಸಲು ಹೋಗುವುದಿಲ್ಲ.

ಡಿಸ್ಟ್ರಿಕ್ಟಿನ ಸಭೆ ತಿಂಗಳಿಗೊಮ್ಮೆ, ಕೆಲಸದ ದಿನ, ಮಧ್ಯಾಹ್ನ ಹನ್ನೆರಡಕ್ಕೆ, ಮೂವತ್ತೈದು ಮೈಲಿ ದೂರದ ಹ್ಯೂಸ್ಟನ್ ಡೌನ್‌ಟೌನಿನ ಒಂದು ವಕೀಲರ ಕಚೇರಿಯಲ್ಲಿ ನಡೆಯುತ್ತಿತ್ತು. ಬೇಕಾದಷ್ಟು ಜನ ಸಹಿ ಮಾಡಿ ಕೇಳಿದರೆ ಅದನ್ನು ಬಡಾವಣೆಯೊಳಗೇ ನಡೆಸಬೇಕೆಂಬ ನಿಯಮವಿದೆ ಎಂದು ಓದಿದೆ. ನಮ್ಮ ಕ್ಲಬ್‌ಹೌಸಿಗೆ ನಾನು ನಡೆದು ಹೋಗಬಹುದಿತ್ತು. ಹೋಗಿ, ಎದ್ದು ನಿಂತು, ಫುಟ್‌ಪಾತ್ ಹಾಕಿ ಎಂದು ಕೇಳಬಹುದಿತ್ತು. ಇಂಟರ್ನೆಟ್ಟಿನಲ್ಲಿ ಸಿಕ್ಕ ಅರ್ಜಿಯ ನಮೂನೆಯನ್ನು ಪ್ರಿಂಟ್ ಮಾಡಿದೆ. ಸಹಿಗೆ ಜನ ಎಲ್ಲಿ? ವರಮಹಾಲಕ್ಷ್ಮಿ ಹಬ್ಬ ಹತ್ತಿರವಿತ್ತು.

ರಜೆಗೆಂದು ಹಬ್ಬವನ್ನು ಶುಕ್ರವಾರದಿಂದ ಮುಂದಕ್ಕೆ ಹಾಕಿದ ಆ ಶನಿವಾರ ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆಲ್ಲ ಬಾಗಿಲಲ್ಲೇ ಪೆನ್ನು ಕೊಟ್ಟೆ. ಸಹಿಯ ಹಾಳೆಗಳನ್ನು ಒಂದು ರಟ್ಟಿಗೆ ಕ್ಲಿಪ್ ಮಾಡಿ ತಾಂಬೂಲದ ತಟ್ಟೆಗಳ ಪಕ್ಕ ಇಟ್ಟಿದ್ದೆ. ಮೊದಲು ಬಂದವಳು ಹಿಂದಿನ ಬೀದಿಯ ಗೆಳತಿ. ಮೈಸೂರಿನವಳು, ನನ್ನನ್ನು ಹಾಸ್ಯಕ್ಕೆ ಮೇಡಂ ಎನ್ನುತ್ತಿದ್ದಳು.

"ಏನ್ ಮೇಡಂ ಇದು, ಚೀಟಿ ಶುರು ಮಾಡಿದ್ರಾ?"

"ಚೀಟಿ ಅಲ್ಲ ಕಣೇ, ಫುಟ್‌ಪಾತು."

"ಫುಟ್‌ಪಾತಾ? ಕಡ್ಲೇಕಾಯಿ ಮಾರೋಕೆ ಕೂತ್ಕೋತೀರಾ?"

"ಸೈನ್ ಮಾಡು. ಆಮೇಲೇನೇ ತಾಂಬೂಲ."

"ಅಯ್ಯೋ, ನಮ್ಮನೆಯವ್ರನ್ನ ಒಂದ್ಮಾತು ಕೇಳ್ಬೇಕಲ್ವಾ?"

"ನಡೆಯೋ ಕಾಲು ನಿಂದು. ಅವ್ರನ್ನೇನು ಕೇಳೋದು?"

ಎಲ್ಲರೂ ನಕ್ಕರು. ಅವಳು ಸಹಿ ಮಾಡಿದಳು. ಅವಳನ್ನು ನೋಡಿ ಉಳಿದವರು ಮಾಡಿದರು. ಯಾರೂ ಓದಲಿಲ್ಲ, ಹಬ್ಬದ ದಿನ ಮುತ್ತೈದೆ ಚಾಚಿದ್ದನ್ನು ಓದಿ ನೋಡಿ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಹಾಳೆಯ ಮೇಲೆ ಅಲ್ಲಲ್ಲಿ ಕುಂಕುಮದ ಬೆರಳು ಮೂಡಿತ್ತು. ಸೋಮವಾರ ಅದನ್ನು ಪೋಸ್ಟಿಗೆ ಹಾಕಿದೆ.

ಗುರುವಾರ, ಬಡಾವಣೆಯ ಕನ್ನಡದವರೆಲ್ಲ ಅಂಕಲ್ ಎನ್ನುವ ಹಿರಿಯರು ಬಂದರು. ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರ್, ಮೂವತ್ತು ವರ್ಷದಿಂದ ಟೆಕ್ಸಾಸಿನಲ್ಲಿದ್ದವರು. ಅವರ ಹೆಂಡತಿ ಹಬ್ಬದ ದಿನ ಕೋಸಂಬರಿ ಒಯ್ದಿದ್ದ ಡಬ್ಬಿಯನ್ನು ಹಿಂದಿರುಗಿಸಲು ಬಂದಿದ್ದರು. ಖಾಲಿ ಡಬ್ಬಿ ಕೊಡಬಾರದೆಂದು ಒಳಗೆ ನಾಲ್ಕು ಬಾದಾಮಿ ಹಾಕಿದ್ದರು. ಕಾಫಿಗೆ ಕೂತವರು ಊಟದ ಮೇಜಿನ ಮೇಲಿದ್ದ ಅರ್ಜಿಯ ನಕಲನ್ನು ಎತ್ತಿಕೊಂಡರು.

"ಇದನ್ನ ಯಾರ್ ಬರದ್ರಿ?"

"ನಾನೇ ಅಂಕಲ್. ನೆಟ್‌ನಲ್ಲಿ ನಮೂನೆ ಇತ್ತು."

"ಸಹಿ ಹಾಳಿ ಕೆಳಗ ಸಣ್ಣ ಅಕ್ಷರದಾಗ ಒಂದು ಸಾಲ ಅದ. ಓದಿದ್ರೇನು?"

ಓದಿದ್ದೆ. ಕೆಳಗೆ ಸಹಿ ಮಾಡಿದ ನಾವೆಲ್ಲ ಈ ಡಿಸ್ಟ್ರಿಕ್ಟಿನ ಅರ್ಹ ಮತದಾರರು ಎಂದಿತ್ತು. "ಹೌದಲ್ಲ ಅಂಕಲ್. ಹೋದ ತಿಂಗಳು ನಾವೆಲ್ಲ ವೋಟ್ ಹಾಕಿದ್ವಲ್ಲ?"

"ಅದು ಮನಿ ಮಾಲೀಕರ ಸಂಘರಿ. ನಾಯಿ ಹೆಸರ್ಲೆ ಮನಿ ಇದ್ರ ಅಲ್ಲಿ ನಾಯೀನೂ ವೋಟ್ ಹಾಕ್ತದ. ಇದು ಸರ್ಕಾರ. ಇಲ್ಲಿ ಮತದಾರ ಅಂದ್ರ ಸಿಟಿಜನ್. ಇವರೊಳಗ ಸಿಟಿಜನ್ ಯಾರದಾರ್ರಿ, ನಮ್ಮಾಕಿ ಬಿಟ್ರ?"

ನಾನು ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡಿದೆ. ಮೂರೋ ನಾಲ್ಕೋ.

"ನಾವು ಇಲ್ಲಿ ಸಿಟಿಜನ್ ಅಂತ ಇಷ್ಟು ಮಂದಿ ಬರದು ಕೊಟ್ಟಂಗಾತು," ಎಂದರು. "ಗ್ರೀನ್‌ಕಾರ್ಡ್ ಫಾರ್ಮಿನ್ಯಾಗ ಇದನ್ನ ಕೇಳ್ತಾರ್ರಿ, ಎಂದಾದ್ರೂ ಹಂಗ ಹೇಳೀರೇನು ಅಂತ. ಹೌದಂದ್ರ ಕಾರ್ಡ್ ಇಲ್ಲ."

"ಏನಾದ್ರೂ ಆಗತ್ತಾ ಅಂಕಲ್?"

"ಏನೂ ಆಗಲಿಕ್ಕಿಲ್ಲ."

"ಆಗಲಿಕ್ಕಿಲ್ವಾ, ಆಗಲ್ವಾ?"

ಅವರು ಕಾಫಿ ಮುಗಿಸಿದರು. ಆಗಲ್ಲ ಎನ್ನಲಿಲ್ಲ.

ಗೆಳತಿಗೆ ಫೋನ್ ಮಾಡಿ ಹೇಳಲೇಬೇಕಾಯಿತು. ಅವರ ಮನೆಯ ಗ್ರೀನ್‌ಕಾರ್ಡ್ ಕೊನೆಯ ಹಂತಕ್ಕೆ ಬಂದಿತ್ತು. ಆ ಕಡೆ ಕುಕ್ಕರಿನ ವಿಷಲ್ ಕೇಳಿಸಿತು ಎಂದು ಬರೆಯಹೊರಟಿದ್ದೆ. ಅದು ನಮ್ಮ ಮನೆಯ ಕುಕ್ಕರೂ ಇರಬಹುದು.

"ಹನ್ನೊಂದು ವರ್ಷ ಕಣೇ," ಎಂದಳು. ಮೇಡಂ ಎನ್ನಲಿಲ್ಲ. "ಅಪ್ಪ ಹೋದಾಗ್ಲೂ ಊರಿಗೆ ಹೋಗ್ಲಿಲ್ಲ ನಾನು, ಫೈಲ್ ಎಲ್ಲಿ ಕೆಡತ್ತೋ ಅಂತ. ನಿಂಗೆ ವಾಕಿಂಗ್ ಬೇಕಿತ್ತು ಅಲ್ವಾ?"

ಮುಂದಿನ ವಾರವೇ ಸಭೆ. ಸಭೆಯಲ್ಲಿ ಮಂಡಿಸುವವರೆಗೆ ಅರ್ಜಿ ದಾಖಲೆಗೆ ಸೇರುವುದಿಲ್ಲ ಎಂದು ವಕೀಲರ ಕಚೇರಿಯಿಂದ ಗೊತ್ತಾಯಿತು. ಅಂಕಲ್ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ದಾರಿಯಲ್ಲಿ ನನ್ನನ್ನು ಸಮಾಧಾನ ಮಾಡಲೋ ಏನೋ, ಕಥೆ ಹೇಳಿದರು.

"ಇಂಥ ಡಿಸ್ಟ್ರಿಕ್ಟಿಗೆ ಮೊದಲನೇ ಎಲೆಕ್ಷನ್ ಹೆಂಗ ಆಗ್ತದ ಗೊತ್ತೇನ್ರಿ ಬಾಯಾರ? ಬರೇ ಗದ್ದಿ. ಮಂದಿ ಇಲ್ಲ. ಕಂಪನಿಯವರು ಒಂದು ಟ್ರೇಲರ್ ಮನಿ ತಂದು ಗದ್ಯಾಗ ನಿಲ್ಲಸ್ತಾರ. ಅದರಾಗ ಗಂಡ ಹೆಂಡ್ತಿ. ಅವರಿಬ್ರೇ ಮತದಾರರು. ಇಬ್ರೂ ಹೂಂ ಅಂತಾರ, ಮೂವತ್ತು ವರ್ಷದ ಸಾಲ ಪಾಸ್! ಟ್ರೇಲರ್ ಮುಂದಿನ ಗದ್ದಿಗೆ ಹೋಗ್ತದ."

"ನಿಜಾನಾ ಅಂಕಲ್?"

"ಹೆಂಡ್ತಿ ಮುನಿಸಿಕೊಂಡು ಒಲ್ಲೆ ಅಂದಿದ್ರ ಏನ್ ಮಾಡ್ತಿದ್ರು ಅಂತ ನನಗ ಯಾವಾಗ್ಲೂ ವಿಚಾರ."

ನಮ್ಮ ಬಡಾವಣೆಯಲ್ಲಿ ಹಾಗೇ ಆಯಿತೇ ಎಂದು ನಾನು ಪರಿಶೀಲಿಸಲಿಲ್ಲ. ಆದರೆ ಆ ಇಬ್ಬರನ್ನು ನಾನು ಕಂಡಿದ್ದೇನೆ ಎಂದೇ ಈಗ ನನ್ನ ನೆನಪು ಹೇಳುತ್ತದೆ: ಗದ್ದೆಯ ನಡುವೆ, ಟ್ರೇಲರಿನ ಮೆಟ್ಟಿಲ ಮೇಲೆ, ಪ್ಲಾಸ್ಟಿಕ್ ಲೋಟ ಹಿಡಿದು ಕೂತ ದಂಪತಿ. ನಮ್ಮೆಲ್ಲರ ಪರವಾಗಿ ಅವರು ಹೂಂ ಅಂದಿದ್ದಾರೆ. ನೆನಪಿಗೆ ಪುರಾವೆ ಬೇಡ.

ಹತ್ತೊಂಬತ್ತನೆಯ ಮಹಡಿ. ಉದ್ದನೆಯ ಮೇಜು, ಐವರು ಮಂಡಳಿಯವರು, ವಕೀಲೆ, ಎಂಜಿನಿಯರ್, ಕಂಪನಿಯ ಪ್ರತಿನಿಧಿ. ಎಲ್ಲರ ಮುಂದೆ ಊಟದ ಪೆಟ್ಟಿಗೆ. ಕಾರ್ಯದರ್ಶಿ ನಗುತ್ತ ನಮಗೂ ಒಂದೊಂದು ತಂದಿಟ್ಟಳು. ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಪೆಟ್ಟಿಗೆ ಬಿಚ್ಚಿ ಸ್ಯಾಂಡ್‌ವಿಚ್ ತೆಗೆದು, ಚಿಪ್ಸ್ ಮತ್ತು ಒಂದು ಕುಕಿಯನ್ನು ಉಳಿಸಿ ಕೊಟ್ಟಳು.

"ತಿನ್ನರಿ, ಇದು ಡಿಸ್ಟ್ರಿಕ್ಟಿನ ಖರ್ಚು," ಎಂದು ಅಂಕಲ್ ಪಿಸುಗುಟ್ಟಿದರು. "ನೀವು ಕಟ್ಟಿದ ಟ್ಯಾಕ್ಸಿನ್ಯಾಗ ನಿಮ್ಮ ಕೈಗೆ ಬಂದದ್ದು ಇಷ್ಟ."

ಸಭೆ ವೇಗವಾಗಿ ನಡೆಯಿತು. ಕೊಳವೆಗಳ ಬಾಬ್ತು ಕಂಪನಿಗೆ ಮರುಪಾವತಿ, ಐದು ಹೂಂ. ಮುಂದಿನ ಸಾಲಪತ್ರಗಳ ಮಾರಾಟ, ಐದು ಹೂಂ. ತಾಳೆಮರಗಳ ಆರೈಕೆ; ಐದು ಹೂಂ. ಯಾರೂ ಕೆಟ್ಟವರಂತೆ ಕಾಣಲಿಲ್ಲ. ಮಂಡಳಿಯ ಮುದುಕರೊಬ್ಬರು ಹಣ್ಣಿನ ಬಟ್ಟಲನ್ನು ನನ್ನ ಕಡೆ ಸರಿಸಿದರು.

ಸಾರ್ವಜನಿಕರ ಮಾತಿನ ಸರದಿ ಬಂದಾಗ ಎದ್ದು ನಿಂತೆ. ಅರ್ಜಿಯಲ್ಲಿ ತಪ್ಪಾಗಿದೆ, ಸಹಿ ಮಾಡಿದವರಲ್ಲಿ ಹೆಚ್ಚಿನವರು ಮತದಾರರಲ್ಲ, ತಿಳಿಯದೆ ಮಾಡಿದ್ದು ಎಂದೆ. ವಕೀಲೆ ನನ್ನ ಲಕೋಟೆಯನ್ನು ಎದುರಿಗಿಟ್ಟುಕೊಂಡು ನಿಧಾನವಾಗಿ ವಿವರಿಸಿದಳು. ಎರಡು ದಾರಿಗಳಿವೆ. ಅರ್ಜಿಯನ್ನು ಸ್ವೀಕರಿಸಬಹುದು; ಆಗ ಮತದಾರರ ಪಟ್ಟಿಯೊಂದಿಗೆ ಒಂದೊಂದೇ ಸಹಿಯನ್ನು ತಾಳೆ ನೋಡುತ್ತಾರೆ, ಸಲ್ಲದವನ್ನು ಹೊಡೆದು ಹಾಕುತ್ತಾರೆ, ಸಲ್ಲುವವು ಸಾಕಾದರೂ ಆಗಬಹುದು, ಸಭೆ ಬಡಾವಣೆಗೆ ಬರಬಹುದು. ಆದರೆ ಹೊಡೆದು ಹಾಕಿದ ಹೆಸರುಗಳ ಸಮೇತ ಹಾಳೆಗಳು ಸಾರ್ವಜನಿಕ ದಾಖಲೆಯಾಗಿ ಉಳಿಯುತ್ತವೆ. ಇಲ್ಲವೇ, ಈಗಲೇ ಹಿಂದಕ್ಕೆ ಪಡೆಯಬಹುದು. ಆಗ ಅರ್ಜಿ ಬಂದೇ ಇಲ್ಲ.

"ನಿಮ್ಮ ಆಯ್ಕೆ," ಎಂದಳು. ಅಂಕಲ್ ತಲೆ ತಗ್ಗಿಸಿ ಚಿಪ್ಸಿನ ಪೊಟ್ಟಣ ಮಡಚುತ್ತಿದ್ದರು.

ಇಲ್ಲಿ ಬಹಳ ಯೋಚಿಸಿದೆ ಎಂದು ಬರೆಯಬೇಕು. ಯೋಚಿಸಲಿಲ್ಲ. ಕೈ ಚಾಚಿದೆ. ಲಕೋಟೆಯನ್ನು ಮೇಜಿನ ಆ ತುದಿಯಿಂದ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ನನ್ನವರೆಗೆ ತಂದರು. ಆಮೇಲೆ, ಬಂದೇ ಬಿಟ್ಟಿದ್ದೇನಲ್ಲ ಎಂದು, ಫುಟ್‌ಪಾತಿನ ಬಗ್ಗೆ ಒಂದು ಪ್ರಶ್ನೆ ಕೇಳಬಹುದೇ ಎಂದೆ. ಎಂಜಿನಿಯರ್ ಮರ್ಯಾದೆಯಿಂದ ಉತ್ತರಿಸಿದ. ಮಾದರಿ ಮನೆಗಳ ಆಚೆಗೆ ಕಂಪನಿಯ ನಾಲ್ಕನೆಯ ಹಂತ. ಅಲ್ಲಿ ಮನೆಗಳು ಬಂದ ಮೇಲೆ ನೋಡಬಹುದು. ಯಾವಾಗ? ಅದು ಮಾರುಕಟ್ಟೆಗೆ ಬಿಟ್ಟದ್ದು. ಬಡಾವಣೆಯ ಮತದಾರರಿಂದ ಬೇಡಿಕೆ ಬಂದರೆ ಮಂಡಳಿ ಪರಿಶೀಲಿಸೀತು ಎಂದು ಹಣ್ಣಿನ ಬಟ್ಟಲಿನ ಮುದುಕರು ಸೇರಿಸಿದರು.

ಕಾರಿನಲ್ಲಿ ಅಂಕಲ್ ಸಿಗ್ನಲಿನಲ್ಲಿ ನಿಂತಾಗ ಕೇಳಿದರು: "ನಿಮ್ಮ ಓಣ್ಯಾಗ ಬಿಳೇ ಮಂದಿ ಮನಿ ಇಲ್ಲೇನ್ರಿ?"

"ಇವೆ ಅಂಕಲ್. ಎದುರುಗಡೆ ಸಾಲು ಪೂರ್ತಿ ಅವರೇ."

"ಅವರೆಲ್ಲ ಮತದಾರರ ಅಲ್ಲೇನು? ಅವರ ಮನಿಗೆ ಯಾಕ ಹೋಗ್ಲಿಲ್ಲ?"

ಸಹಿ ಎಂದಾಗ ನನಗೆ ಹೊಳೆದದ್ದು ಕುಂಕುಮಕ್ಕೆ ಕರೆಯಬಹುದಾದ ಮನೆಗಳು ಮಾತ್ರ. "ಅವ್ರನ್ನ ಹಬ್ಬಕ್ಕೆ ಕರೆಯೋಕಾಗತ್ತಾ ಅಂಕಲ್?" ಎಂದೆ.

"ಹಬ್ಬಕ್ಕ ಬ್ಯಾಡ್ರಿ. ಬಾಗಲಕ್ಕ ಹೋಗ್ರಿ."

ಹಳೆಯ ಹಾಳೆಗಳನ್ನು ಗೆಳತಿಯ ಕೈಗೇ ಕೊಟ್ಟೆ. ಅವಳು ನನ್ನ ಎದುರಿಗೇ ಒಲೆಯ ಮೇಲೆ ಸುಟ್ಟಳು. ಹೊಗೆ ಎಚ್ಚರಿಕೆಯ ಗಂಟೆ ಕೂಗಿತು, ಇಬ್ಬರೂ ಟವೆಲ್ ಬೀಸಿದೆವು. ನಗಲಿಲ್ಲ. ಹೊಸ ಹಾಳೆಯೊಂದನ್ನು ಪ್ರಿಂಟ್ ಮಾಡಿಕೊಂಡು ಎದುರು ಮನೆಯ ಬೆಲ್ ಒತ್ತುವ ಹೊತ್ತಿಗೆ ಇನ್ನೂ ಹತ್ತು ದಿನ ಕಳೆದಿತ್ತು. ಒಂದೂವರೆ ವರ್ಷದಿಂದ ಕೈ ಬೀಸುತ್ತಿದ್ದ ಮನೆ ಅದು. ಅರವತ್ತರ ಆಸುಪಾಸಿನ ಹೆಂಗಸು, ಒಬ್ಬಳೇ ಇರುತ್ತಿದ್ದಳು. ಒಳಗೆ ಕರೆದು ಐಸ್ ಹಾಕಿದ ತಣ್ಣನೆಯ ಚಹಾ ಕೊಟ್ಟಳು. ನಾನು ತೆರಿಗೆ, ಡಿಸ್ಟ್ರಿಕ್ಟ್, ಡೌನ್‌ಟೌನಿನ ಸಭೆ, ಕಾರಂಜಿ ಎಲ್ಲವನ್ನೂ ಹೇಳಿದೆ. ಅವಳಿಗೂ ಸಿಟ್ಟಿತ್ತು. ತೆರಿಗೆ ಹೆಚ್ಚಾಯಿತು ಎಂದಳು. ಪೆನ್ನು ಕೈಗೆ ತೆಗೆದುಕೊಂಡು, ಸಭೆ ಇಲ್ಲಿಗೆ ಬಂದರೆ ಏನು ಕೇಳುತ್ತೀಯ ಎಂದಳು.

"ಫುಟ್‌ಪಾತ್," ಎಂದೆ. "ಹೆದ್ದಾರಿಯ ಪಕ್ಕ, ಲೈಬ್ರರಿಯವರೆಗೆ."

ಅವಳು ಪೆನ್ನನ್ನು ಹಾಳೆಯ ಮೇಲೆ ಮಲಗಿಸಿದಳು. ದಾರಿ ಮಾಡಿದರೆ ಬರೀ ನಾವು ಆಚೆ ಹೋಗುವುದಿಲ್ಲವಲ್ಲ, ಆಚೆಯವರೂ ನಡೆದು ಒಳಗೆ ಬರುತ್ತಾರಲ್ಲ ಎಂದಳು. ಒಬ್ಬಳೇ ಇರುವವಳು ನಾನು, ಅದಕ್ಕೇ ಇಲ್ಲಿ ಮನೆ ಕೊಂಡೆ. ಬೇಸರ ಮಾಡಿಕೊಳ್ಳಬೇಡ ಎಂದಳು. ನನ್ನ ಲೈಸೆನ್ಸಿನ ಕಥೆಯನ್ನು ಆಮೇಲೆ ಕೇಳಿದಳು, ಕೇಳಿ ನಿಜವಾಗಿಯೂ ನೊಂದುಕೊಂಡಳು. ನನ್ನ ಕೈ ಹಿಡಿದುಕೊಂಡು, ಇಷ್ಟು ದಿನ ಯಾಕೆ ಹೇಳಲಿಲ್ಲ, ಎಲ್ಲಿಗೆ ಹೋಗಬೇಕು ಹೇಳು, ಯಾವಾಗ ಬೇಕಾದರೂ ನಾನೇ ಬಿಡುತ್ತೇನೆ ಎಂದಳು. ಈಗಲೇ ಹೋಗೋಣವೇ? ನಾನು ಇಲ್ಲ ಎನ್ನುವಷ್ಟರಲ್ಲಿ ಕಾರಿನ ಕೀ ತೆಗೆದುಕೊಂಡಿದ್ದಳು.

ಲೈಬ್ರರಿಗೆ ನಾಲ್ಕು ನಿಮಿಷ ಹಿಡಿಯಿತು. ಬಾಗಿಲಿಗೆ ಹತ್ತಿರವಾಗಿ ಕಾರು ನಿಲ್ಲಿಸಿ, ಅವಸರವಿಲ್ಲ, ನಿಧಾನವಾಗಿ ನೋಡಿಕೊಂಡು ಬಾ, ನಾನು ಇಲ್ಲೇ ಇರುತ್ತೇನೆ ಎಂದಳು. ಬಿಸಿಲಿಗೆ ಎ.ಸಿ. ಬೇಕಾದ್ದರಿಂದ ಎಂಜಿನ್ ಆರಿಸಲಿಲ್ಲ. ಒಳಗೆ ತಂಪಾಗಿತ್ತು, ಕಪಾಟುಗಳು ಉದ್ದವಾಗಿದ್ದವು, ಕಿಟಕಿಯ ಪಕ್ಕ ಒಂದು ಖಾಲಿ ಕುರ್ಚಿಯಿತ್ತು. ಗಾಜಿನ ಬಾಗಿಲಿನಾಚೆ ಅವಳ ಕಾರು ಕಾಣುತ್ತಿತ್ತು. ಅವಳು ಕೈ ಬೀಸಿದಳು. ನಾನು ಹತ್ತಿರದ ಕಪಾಟಿನಿಂದ ಕೈಗೆ ಸಿಕ್ಕ ಪುಸ್ತಕವೊಂದನ್ನು ತೆಗೆದುಕೊಂಡು, ಮುದ್ರೆ ಹಾಕಿಸಿ, ಐದು ನಿಮಿಷದೊಳಗೆ ಹೊರಗೆ ಬಂದೆ.